ಬಾಹ್ಯಾಕಾಶದ ಊಟದಿಂದ ಸೊಪ್ಪಿನ ಹೊಲಕ್ಕೆ

ಒಂದು ಕಟ್ಟು ಸೊಪ್ಪು ರೋಗಾಣುಗಳಿಂದ ಮುಕ್ತವಾಗಿದೆಯೆಂದು ಖಚಿತವಾಗಿ ತಿಳಿಯುವುದು ಹೇಗೆ? ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು, ನಿಜ. ಆದರೆ ಪರೀಕ್ಷೆಗೆ ಒಳಗಾದ ಎಲೆ ತಿನ್ನಲು ಉಳಿಯುವುದಿಲ್ಲ. ತಿನ್ನುವ ಎಲೆ ಪರೀಕ್ಷೆಗೆ ಒಳಗಾಗಿರುವುದಿಲ್ಲ.

1960ರ ಸುಮಾರಿಗೆ ಅಮೆರಿಕದ ಪಿಲ್ಸ್‌ಬರಿ ಕಂಪನಿ ಗಗನಯಾತ್ರಿಗಳಿಗಾಗಿ ಆಹಾರ ತಯಾರಿಸಲು ಹೊರಟಾಗ ಇದೇ ತೊಡಕು ಎದುರಾಯಿತು. ಸುರಕ್ಷತೆಯನ್ನು ಪರೀಕ್ಷೆಯಿಂದಲೇ ಖಾತರಿ ಮಾಡಿಕೊಳ್ಳಲು ಹೋದರೆ ತಯಾರಾದ ಆಹಾರದ ಬಹುಭಾಗ ಪರೀಕ್ಷೆಗೇ ಮುಗಿದುಹೋಗುತ್ತಿತ್ತು! ಆದ್ದರಿಂದ ವಿಜ್ಞಾನಿ ಹೊವಾರ್ಡ್ ಬೌಮನ್ ಮತ್ತು ಸಂಗಡಿಗರು ನಾಸಾ ಹಾಗೂ ಸೇನಾ ಪ್ರಯೋಗಾಲಯದ ಜೊತೆಗೂಡಿ ಬೇರೆ ದಾರಿ ಹಿಡಿದರು. ಅಪಾಯ ಯಾವ ಹಂತದಲ್ಲಿ ಒಳನುಗ್ಗಬಹುದೆಂದು ಮೊದಲೇ ಗುರುತಿಸಿ, ಅಲ್ಲಿಯೇ ತಡೆಯುವುದು. ಹ್ಯಾಸಪ್ ಎಂದು ಹೆಸರಾದ ಈ ವಿಧಾನವನ್ನು 1971ರಲ್ಲಿ ಸಾರ್ವಜನಿಕವಾಗಿ ಮಂಡಿಸಲಾಯಿತು. ಕಾರ್ಖಾನೆಗಳಿಗೆ ಅದು ಚೆನ್ನಾಗಿ ಒಗ್ಗಿತು.

ಹೊಲದ ಸಂಗತಿ ಬೇರೆ. ಹಾಲನ್ನು ಕಾಯಿಸಬಹುದು, ಮಾಂಸವನ್ನು ಬೇಯಿಸಬಹುದು. ಹಸಿಯಾಗಿಯೇ ತಿನ್ನುವ ಸೊಪ್ಪು, ಹಣ್ಣುಗಳಲ್ಲಿ ರೋಗಾಣುಗಳನ್ನು ಕೊಲ್ಲುವ ಅಂಥ ಹಂತವೇ ಇಲ್ಲ. ತೊಳೆದರೆ ಅವುಗಳ ಸಂಖ್ಯೆ ಇಳಿಯಬಹುದೇ ಹೊರತು ಪೂರ್ತಿ ಹೋಗುವುದಿಲ್ಲ. ಹಾಗಾಗಿ ತಡೆಯುವ ಕೆಲಸ ಹೊಲದಲ್ಲೇ ಆಗಬೇಕು. 1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಬೆಳೆಗಾರರಿಗಾಗಿ ಮಾರ್ಗದರ್ಶಿಯನ್ನು ಹೊರತಂದಿತು. ಗಮನಿಸಬೇಕಾದ ಮುಖ್ಯ ಮೂಲಗಳು: ನೀರು, ಗೊಬ್ಬರ, ಪ್ರಾಣಿಗಳು, ಕೆಲಸಗಾರರ ಕೈ ಮತ್ತು ಸಲಕರಣೆಗಳು. ಮರುವರ್ಷ ಕಾರ್ನೆಲ್ ವಿಶ್ವವಿದ್ಯಾಲಯ ರೈತರಿಗೆ ಇದನ್ನು ಕಲಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ತಂತಮ್ಮ ಹೊಲದ ಅಪಾಯಗಳನ್ನು ಪಟ್ಟಿಮಾಡಿ, ಯಾರು, ಯಾವಾಗ, ಏನು ಮಾಡಬೇಕೆಂದು ಬರೆದಿಡುವ ಸುರಕ್ಷತಾ ಯೋಜನೆ ರೂಪುಗೊಂಡದ್ದು ಹೀಗೆ. ಆದರೆ ಅದು ಕಡ್ಡಾಯವಾಗಿರಲಿಲ್ಲ.

2006ರಲ್ಲಿ ಕ್ಯಾಲಿಫೋರ್ನಿಯದ ಪಾಲಕ್ ಸೊಪ್ಪು ತಿಂದು 26 ರಾಜ್ಯಗಳಲ್ಲಿ ಸುಮಾರು 200 ಮಂದಿ ಕಾಯಿಲೆಬಿದ್ದರು, ಮೂವರು ಸತ್ತರು. ಕಾರಣ, ಮೂತ್ರಪಿಂಡಗಳನ್ನು ಕೆಡಿಸಬಲ್ಲ ಇ. ಕೋಲೈ ಒ157:ಎಚ್7 ಬ್ಯಾಕ್ಟೀರಿಯ. ದನಗಳ ಕರುಳಿನಲ್ಲಿ ಅದು ಅವುಗಳಿಗೆ ತೊಂದರೆ ಕೊಡದೆ ಬದುಕಬಲ್ಲದು. ಹೊಲದ ಆಸುಪಾಸಿನ ಹಸುಗಳ ಸಗಣಿ, ಕಾಡುಹಂದಿಗಳ ಹಿಕ್ಕೆ ಹಾಗೂ ನದಿಯ ನೀರಿನಲ್ಲಿ ಅದೇ ತಳಿ ಸಿಕ್ಕಿತು. ಎಲೆಗೆ ಅದು ಯಾವ ದಾರಿಯಲ್ಲಿ ಬಂದಿತೆಂಬುದು ಮಾತ್ರ ನಿರ್ಧಾರವಾಗಲಿಲ್ಲ.

2011ರ ಜನವರಿಯಲ್ಲಿ ಹೊಸ ಆಹಾರ ಸುರಕ್ಷತಾ ಕಾನೂನು ಬಂತು. ಅದೇ ವರ್ಷ ಕೊಲರಾಡೋದ ಒಂದು ತೋಟದ ಕರಬೂಜ ಹಣ್ಣುಗಳಿಂದ ಹರಡಿದ ಲಿಸ್ಟೀರಿಯ ಸೋಂಕು 147 ಜನರಿಗೆ ತಗುಲಿ, 33 ಮಂದಿ ಮೃತರಾದರು. ಹಣ್ಣು ಕಟ್ಟುವ ಶೆಡ್ಡಿನ ನೆಲದಲ್ಲಿ ನೀರು ನಿಲ್ಲುತ್ತಿತ್ತು. ಯಂತ್ರಗಳನ್ನು ಶುಚಿಗೊಳಿಸುವುದು ಕಷ್ಟವಿತ್ತು. ಆಶ್ಚರ್ಯವೆಂದರೆ, ಸೋಂಕು ಬೆಳಕಿಗೆ ಬರುವ ಕೆಲವೇ ವಾರಗಳ ಹಿಂದೆ ಖಾಸಗಿ ತಪಾಸಣೆಯೊಂದು ಆ ಜಾಗಕ್ಕೆ ನೂರಕ್ಕೆ 96 ಅಂಕ ಕೊಟ್ಟಿತ್ತು!

2015ರಲ್ಲಿ ಹೊಲಗಳಿಗೆ ಅನ್ವಯಿಸುವ ನಿಯಮಗಳು ಅಂತಿಮಗೊಂಡವು. ನಿಯಮಕ್ಕೆ ಪೂರ್ಣವಾಗಿ ಒಳಪಡುವ ಪ್ರತಿ ಹೊಲದಿಂದ ಕನಿಷ್ಠ ಒಬ್ಬ ಮೇಲ್ವಿಚಾರಕರು ತರಬೇತಿ ಪಡೆಯಬೇಕು. ಲಿಖಿತ ಯೋಜನೆಯನ್ನು ಕಡ್ಡಾಯ ಮಾಡಲಿಲ್ಲ, ಆದರೂ ತರಬೇತಿಯಲ್ಲಿ ಅದನ್ನು ಬರೆಯುವ ಕ್ರಮವನ್ನು ಕಲಿಸುತ್ತಾರೆ. ನೀರಾವರಿ ನೀರಿನ ಮಟ್ಟಿಗೆ ಮೊದಲ ನಿಯಮ ಬ್ಯಾಕ್ಟೀರಿಯ ಎಣಿಕೆಯನ್ನೇ ನೆಚ್ಚಿತ್ತು: 100 ಮಿಲಿಲೀಟರಿಗೆ ಸರಾಸರಿ 126ಕ್ಕಿಂತ ಹೆಚ್ಚು ಇ. ಕೋಲೈ ಇರಬಾರದು. ಆದರೆ ಕಾಲುವೆಯ ನೀರು ಗಂಟೆಗಂಟೆಗೂ ಬದಲಾಗುತ್ತದೆ. ಇಂದಿನ ಮಾದರಿ ನಾಳೆಯ ನೀರಿನ ಬಗ್ಗೆ ಹೇಳುವುದು ಕಡಿಮೆ. 2024ರಲ್ಲಿ ಕೊಯ್ಲಿಗೆ ಮುಂಚಿನ ನೀರಿಗೆ ಈ ಎಣಿಕೆಯನ್ನು ಕೈಬಿಟ್ಟು, ನೀರಿನ ಮೂಲ, ಹರಿಯುವ ದಾರಿ, ಪಕ್ಕದ ಜಮೀನು, ಜಾನುವಾರು ಇವನ್ನೆಲ್ಲ ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿ ಬರೆದಿಡುವ ಕ್ರಮ ತರಲಾಯಿತು.

ಬೌಮನ್ ತಂಡ ಕಂಡುಕೊಂಡದ್ದೂ ಇದೇ ಅಲ್ಲವೆ? ಪರೀಕ್ಷೆ ಬೇಕು, ತಪಾಸಣೆಯೂ ಬೇಕು. ಆದರೆ ಶೆಡ್ಡಿನಲ್ಲಿ ನಿಂತ ನೀರನ್ನು ಕಂಡ ದಿನವೇ ಬಳಿದುಹಾಕುವವರಿದ್ದರೆ ಮಾತ್ರ ಯೋಜನೆಯ ಕಾಗದಕ್ಕೆ ಬೆಲೆ.