ಬೆಂಚ್ ಮೇಲೆ ಪಾಸ್, ರಸ್ತೆಯಲ್ಲಿ ಫೇಲ್

ಗಾಡಿ ದಾರೀಲಿ ನಿಂತುಹೋಗತ್ತೆ. ತಳ್ಳಿಕೊಂಡು ಗ್ಯಾರೇಜಿಗೆ ಹೋದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗತ್ತೆ. ಮೆಕ್ಯಾನಿಕ್ ನಮ್ಮ ಮುಖ ನೋಡ್ತಾನೆ. ನಿಮಗೂ ಹೀಗಾಗಿರಬಹುದು. ಅಮೆರಿಕದಲ್ಲಿ ಲಕ್ಷಾಂತರ ಫೋರ್ಡ್ ಕಾರುಗಳ ವಿಷಯದಲ್ಲಿ ಇದೇ ದೂರು ಕೋರ್ಟ್ ಮೆಟ್ಟಿಲು ಹತ್ತಿತು. ಇವತ್ತು ಆ ಕಥೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕು. ಇಗ್ನಿಷನ್ ಕಾಯಿಲ್‌ನಲ್ಲಿ ಹರೀತಿರೋ ಬ್ಯಾಟರಿ ಕರೆಂಟನ್ನ ಸರಿಯಾದ ಗಳಿಗೇಲಿ ತಟ್ಟನೆ ಕಡಿದರೆ, ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರತ್ತೆ. ಈ ಕಡಿಯೋ ಕೆಲಸವನ್ನ ದಶಕಗಳ ಕಾಲ ಮಾಡಿದ್ದು ಪಾಯಿಂಟ್ಸ್ ಅನ್ನೋ ಪುಟ್ಟ ಲೋಹದ ಸ್ವಿಚ್. ನಮ್ಮ ಮೈಸೂರಲ್ಲಿ ತಯಾರಾಗ್ತಿದ್ದ ಜಾವಾ, ಯೆಜ್ಡಿ ಓಡಿಸಿದ ಹಿರಿಯರು ಮನೇಲಿದ್ರೆ ಕೇಳಿ ನೋಡಿ, ಪಾಯಿಂಟ್ಸ್ ಉಜ್ಜಿದ ಕಥೆ ಶುರು ಮಾಡ್ತಾರೆ. ಅದು ಸವೀತಿತ್ತು, ಸುಡ್ತಿತ್ತು. ಆದ್ರೆ ಕೆಟ್ಟಿದ್ದು ಕಣ್ಣಿಗೆ ಕಾಣ್ತಿತ್ತು.

1973ರ ಹೊತ್ತಿಗೆ ಕ್ರೈಸ್ಲರ್ ಅಮೆರಿಕದಲ್ಲಿ ಮಾರ್ತಿದ್ದ ತನ್ನ ಕಾರುಗಳಲ್ಲಿ ಪಾಯಿಂಟ್ಸ್ ತೆಗೆದು ಟ್ರಾನ್ಸಿಸ್ಟರ್ ಹಾಕಿತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಸವೆಯೋ ಭಾಗ ಹೋಯ್ತು, ಎಲ್ಲರಿಗೂ ಖುಷಿ. ಆದ್ರೆ ಮೆಕ್ಯಾನಿಕ್ ಕೈಗೆ ಬಂದಿದ್ದು ಸೀಲ್ ಆದ ಒಂದು ಡಬ್ಬಿ, ಅಂದ್ರೆ ಇಗ್ನಿಷನ್ ಮಾಡ್ಯೂಲ್. ಅದನ್ನ ಎಷ್ಟು ತಿರುಗಿಸಿ ನೋಡಿದ್ರೂ ಏನೂ ಗೊತ್ತಾಗಲ್ಲ.

ಹಾಗಾಗಿ ಬೆಂಚ್ ಟೆಸ್ಟ್. ಮಾಡ್ಯೂಲನ್ನ ಬಿಚ್ಚಿ ಮೇಜಿನ ಮೇಲಿಡಿ. 12 ವೋಲ್ಟ್ ಬ್ಯಾಟರಿ, ಒಂದು ಕಾಯಿಲ್, ಕಿಡಿ ಹಾರೋಕೆ ಒಂದು ಗ್ಯಾಪ್ ಜೋಡಿಸಿ. ಎಂಜಿನ್ ಇಲ್ಲವಲ್ಲ, "ಈಗ ಕಡಿ" ಅಂತ ಹೇಳೋರು ಯಾರು? ಅದನ್ನ ನಾವೇ ನಟಿಸಬೇಕು. ಕಾರಿನಲ್ಲಿ ಸೆನ್ಸರ್ ಕಳಿಸೋ ಸಿಗ್ನಲ್ ಬದಲು ಪುಟ್ಟ ಸರ್ಕ್ಯೂಟ್ ಒಂದರಿಂದ ಆನ್-ಆಫ್ ಸಿಗ್ನಲ್ ಕೊಡೋದು. ನಾಲ್ಕು ಸಿಲಿಂಡರ್ ಕಾರು 3000 ಆರ್‌ಪಿಎಂನಲ್ಲಿದ್ರೆ ಸೆಕೆಂಡಿಗೆ 100 ಕಿಡಿ ಬೇಕು, ಹಾಗಾಗಿ ಸೆಕೆಂಡಿಗೆ 100 ಸಿಗ್ನಲ್. ಟಕಟಕ ಅಂತ ಕಿಡಿ ಹಾರಿತಾ, ಮಾಡ್ಯೂಲ್ ಪಾಸ್. (ದಯವಿಟ್ಟು ಕಾಯಿಲ್ ತಂತಿ ಕೈಯಲ್ಲಿ ಹಿಡ್ಕೊಂಡು ಪ್ರಯೋಗ ಮಾಡಬೇಡಿ.)

ಈಗ ಫೋರ್ಡ್ ವಿಷಯ. 1983ರಿಂದ ಅದರ ಅನೇಕ ಮಾಡೆಲ್‌ಗಳಲ್ಲಿ ಟಿಎಫ್‌ಐ ಅನ್ನೋ ಮಾಡ್ಯೂಲ್ ಬಂತು. ಅದನ್ನ ಕೂರಿಸಿದ್ದು ಎಲ್ಲಿ? ಡಿಸ್ಟ್ರಿಬ್ಯೂಟರ್‌ನ ಪಕ್ಕಕ್ಕೇ, ಬಿಸಿ ಎಂಜಿನ್‌ಗೆ ಅಂಟಿಕೊಂಡ ಹಾಗೆ! ಶಾಖ ಹೊರಗೆ ಹೋಗೋಕೆ ಹಿಂಬದಿಗೆ ವಿಶೇಷ ಗ್ರೀಸ್ ಹಚ್ಚಬೇಕಿತ್ತು. ಬಿಸಿ ಮಿತಿ ಮೀರಿದ್ರೆ ಮಾಡ್ಯೂಲ್ ಕೈಕೊಡ್ತಿತ್ತು, ಎಂಜಿನ್ ಆಫ್. ಹೈವೇನಲ್ಲಿ ಎಂಜಿನ್ ನಿಂತ್ರೆ ಸ್ಟಿಯರಿಂಗ್ ಕಲ್ಲಿನ ಹಾಗೆ ಗಟ್ಟಿ, ಬ್ರೇಕಿಗೂ ಸ್ವಲ್ಪ ಹೊತ್ತಲ್ಲೇ ಬಲ ಸಾಲಲ್ಲ. ಪಕ್ಕಕ್ಕೆ ಎಳೆದು ಅರ್ಧ ಗಂಟೆ ಕೂತ್ರೆ ಡಬ್ಬಿ ತಣ್ಣಗಾಗಿ, ಕಾರು ಏನೂ ಆಗಿಲ್ಲ ಅನ್ನೋ ಥರ ಸ್ಟಾರ್ಟ್.

ಅದೇ ಡಬ್ಬೀನ ಬಿಚ್ಚಿ ತಣ್ಣನೆ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿದ್ರೆ? ಪಾಸ್! ನನಗೆ ಬೇಜಾರಾಗೋದು ಇಲ್ಲೇ. ಟೆಸ್ಟ್ ಸುಳ್ಳು ಹೇಳಲಿಲ್ಲ, ತಪ್ಪು ಪ್ರಶ್ನೆಗೆ ಸರಿ ಉತ್ತರ ಕೊಟ್ಟಿತು ಅಷ್ಟೇ. ಅನುಭವ ಇದ್ದ ಮೆಕ್ಯಾನಿಕ್‌ಗಳು ಹೀಟ್ ಗನ್ನೋ ಹೇರ್ ಡ್ರೈಯರ್ರೋ ಹಿಡಿದು, ಡಬ್ಬಿ ಕಾಯಿಸ್ತಾ, ಕಿಡಿ ಯಾವಾಗ ತಪ್ಪತ್ತೆ ಅಂತ ಕಾಯೋದು ಕಲಿತರು.

ಕ್ಯಾಲಿಫೋರ್ನಿಯಾದ ಕಾರು ಮಾಲೀಕರು ಕೇಸ್ ಹಾಕಿದ್ರು. ನಮ್ಮ ಕಾರುಗಳು ಬೇರೆಯವಕ್ಕಿಂತ ಹೆಚ್ಚೇನೂ ನಿಲ್ಲಲ್ಲ ಅಂತ ಫೋರ್ಡ್ ವಾದಿಸಿತು. ಆದ್ರೆ 2000ದಲ್ಲಿ ಅಲಮೀಡಾ ಕೌಂಟಿಯ ನ್ಯಾಯಾಧೀಶ ಮೈಕೆಲ್ ಬಲ್ಲಾಚಿ, ಕಂಪನಿ ಈ ದೋಷದ ಮಾಹಿತಿಯನ್ನ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯಿಂದ ಮುಚ್ಚಿಟ್ಟಿತ್ತು ಅಂತ ಹೇಳಿ, ಆ ರಾಜ್ಯದ ಸುಮಾರು 17 ಲಕ್ಷ ವಾಹನಗಳನ್ನ ವಾಪಸ್ ಕರೆಸಿ ಸರಿಮಾಡಲು ಆದೇಶಿಸಿದ್ರು. ಅಷ್ಟೊತ್ತಿಗೆ ಆ ಕಾರುಗಳಲ್ಲಿ ಎಷ್ಟೋ ಗುಜರಿ ಸೇರೋ ವಯಸ್ಸಿಗೆ ಬಂದಿದ್ದವು. ಮುಂದಿನ ವರ್ಷ ರಾಜಿ ಆಯ್ತು.

ಅದಕ್ಕೆ ಮೊದಲೇ, 90ರ ದಶಕದಲ್ಲಿ, ಫೋರ್ಡ್ ಕೆಲವು ಮಾಡೆಲ್‌ಗಳಲ್ಲಿ ಆ ಡಬ್ಬೀನ ಡಿಸ್ಟ್ರಿಬ್ಯೂಟರ್‌ನಿಂದ ಬಿಚ್ಚಿ, ದೂರದಲ್ಲಿ, ಗಾಳಿಯಾಡೋ ಜಾಗದಲ್ಲಿ ಕೂರಿಸೋಕೆ ಶುರುಮಾಡಿತ್ತು.