ಪಕ್ಕೆಲುಬಿನಿಂದ ಕೀಲಿಗೆ

‘ಮೊಣಕಾಲು ಸವೆದಿದೆ’ ಎಂದು ವೈದ್ಯರು ಹೇಳುವುದನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಮೊದಲು ಸವೆಯುವುದು ಎಲುಬಲ್ಲ. ಅದರ ತುದಿಯನ್ನು ಹೊದೆದಿರುವ ನುಣುಪಾದ ಮೃದ್ವಸ್ಥಿ. ಅದರೊಳಗೆ ರಕ್ತನಾಳಗಳಿಲ್ಲ, ಆದ್ದರಿಂದ ಚರ್ಮದ ಗಾಯ ಮಾಯುವಂತೆ ಅದರ ಗಾಯ ಮಾಯದು. ಒಮ್ಮೆ ಹಾಳಾದರೆ ಅದು ಮರಳಿ ಬಾರದೆಂದು ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು.

ಬೆಳೆಯದಿದ್ದರೆ ಬೇರೆಡೆಯಿಂದ ತರಬೇಕಷ್ಟೆ. ಪಕ್ಕೆಲುಬುಗಳು ಎದೆಯ ಮುಂಭಾಗವನ್ನು ಸೇರುವಲ್ಲಿ ಮೃದ್ವಸ್ಥಿ ಧಾರಾಳವಾಗಿದೆ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲೀಸ್ ಮೂಗಿನ ದಿಂಡನ್ನು ಇದರಿಂದಲೇ ಕಟ್ಟಿದರು. ದವಡೆಯ ಕೀಲಿಗೆ ಪಕ್ಕೆಲುಬಿನ ತುಂಡನ್ನು ಕೂಡಿಸುವ ಕ್ರಮವನ್ನು 1920ರಲ್ಲಿ ಮೊದಲು ವಿವರಿಸಿದವರೂ ಅವರೇ ಎನ್ನುತ್ತಾರೆ.

ಈ ದವಡೆಯ ಮಾತನ್ನು ತುಸು ವಿವರಿಸಬೇಕು. ಮಗು ಬಿದ್ದು ಗದ್ದ ಒಡೆದುಕೊಂಡರೆ ನಾವು ಗದ್ದದ ಗಾಯವನ್ನಷ್ಟೇ ನೋಡುತ್ತೇವೆ. ಏಟು ಕಿವಿಯ ಮುಂದಿನ ಕೀಲಿಗೂ ತಾಗಿರಬಹುದು. ಒಳಗೆ ಎಲುಬು ಎಲುಬಿಗೆ ಬೆಸೆದುಕೊಳ್ಳುತ್ತದೆ. ತಿಂಗಳುಗಳ ನಂತರ ಬಾಯಿ ತೆರೆಯದು. ತುತ್ತು ಒಳಹೋಗದು, ಗದ್ದ ಬೆಳೆಯದು. ಶಸ್ತ್ರವೈದ್ಯರು ಬೆಸೆದ ಎಲುಬನ್ನು ಕಡಿದು ತೆಗೆದು, ಮೃದ್ವಸ್ಥಿಯ ಟೊಪ್ಪಿಗೆಯುಳ್ಳ ಪಕ್ಕೆಲುಬಿನ ತುಂಡನ್ನು ದವಡೆಗೆ ಬಿಗಿಯುತ್ತಾರೆ. ಎಲುಬು, ಮೃದ್ವಸ್ಥಿ ಕೂಡುವ ಆ ತಾಣ ಬೆಳೆಯುವ ತಾಣ. ಮಗುವಿನೊಡನೆ ದವಡೆಯೂ ಬೆಳೆಯಲೆಂಬುದು ಆಸೆ. ಆದರೆ ಅದು ಯಾರ ಅಳತೆಗೂ ಕಟ್ಟುಬಿದ್ದು ಬೆಳೆಯುವುದಿಲ್ಲ! ಕೆಲವರಲ್ಲಿ ಅತಿಯಾಗಿ ಬೆಳೆದು ಗದ್ದವನ್ನು ಇನ್ನೊಂದು ಬದಿಗೆ ತಳ್ಳಿದೆ. ಅದಕ್ಕೇ ಟೊಪ್ಪಿಗೆಯನ್ನು ಕೆಲವೇ ಮಿಲಿಮೀಟರಿನಷ್ಟು ಇರಿಸುವ ಎಚ್ಚರಿಕೆ. ತುಂಡನ್ನು ತೆಗೆಯುವಾಗ ಶ್ವಾಸಕೋಶದ ಪೊರೆ ಹರಿಯದಂತೆಯೂ ನೋಡಿಕೊಳ್ಳಬೇಕು.

ಮೊಣಕಾಲು ಇಷ್ಟು ಸುಲಭವಾಗಿ ಒಲಿಯಲಿಲ್ಲ. ಮೃದ್ವಸ್ಥಿಯನ್ನು ಸುತ್ತಿದ ತೆಳು ಪೊರೆಯೇ ಹೊಸ ಮೃದ್ವಸ್ಥಿಯನ್ನು ಹುಟ್ಟಿಸಬಲ್ಲದೆಂದು ಸ್ವೀಡನ್ನಿನ ಟೋರ್ಡ್ ಸ್ಕೂಗ್ ಮತ್ತು ಸಂಗಡಿಗರು 1972ರಲ್ಲಿ ತೋರಿಸಿದರು. ಡಚ್ ವೈದ್ಯರು ಪಕ್ಕೆಲುಬಿನ ಆ ಪೊರೆಯನ್ನು 25 ರೋಗಿಗಳ ಮೊಣಕಾಲಿಗೆ ಅಂಟಿಸಿ 1990ರಲ್ಲಿ ವರದಿ ಮಾಡಿದರು. ಮೊದಮೊದಲು ಫಲ ಚೆನ್ನಾಗಿಯೇ ಕಂಡಿತು. ಬರಬರುತ್ತಾ ಹಲವು ಕಸಿಗಳು ಗಟ್ಟಿಯಾಗಿ ಎಲುಬಾದವು.

ಮೊಣಕೈಯ ಕಥೆ ಬೇರೆ. ಜಪಾನಿನಲ್ಲಿ ಬೇಸ್‌ಬಾಲ್ ಎಸೆದೆಸೆದು ಮೊಣಕೈ ಕೀಲಿನ ಒಂದು ಭಾಗ ಸತ್ತುಹೋದ ಹುಡುಗರಿಗೆ ಅಲ್ಲಿನ ವೈದ್ಯರು ಪಕ್ಕೆಲುಬಿನ ಎಲುಬು, ಮೃದ್ವಸ್ಥಿ ಎರಡೂ ಕೂಡಿದ ತುಂಡನ್ನು ಗೂಟದಂತೆ ಕೂರಿಸಿದರು. ಅವರಲ್ಲಿ ಅನೇಕರು ಮತ್ತೆ ಚೆಂಡೆಸೆಯಲು ಮೈದಾನಕ್ಕಿಳಿದಿದ್ದಾರೆ.