ನಾಮಸಹಸ್ರವೂ ಮೌನವೂ: ಜಿನಸೇನಾಚಾರ್ಯರ ಒಂದು ನಿಲುವು

ಸುಲೇಪೇಟ, ಸೇಡಂ, ಚಿತ್ತಾಪುರಗಳ ಸೀಮೆಯು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ ಪರಿಸರವಾಗಿದೆ. ಸೇಡಂ ತಾಲೂಕಿನ ಮಳಖೇಡವೇ ಆ ಮಾನ್ಯಖೇಟವೆಂಬುದು ವಿದಿತವಾದ ವಿಷಯ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನು ಜಿನಸೇನಾಚಾರ್ಯರಿಗೆ ಎರಗಿ ಧನ್ಯನಾದನೆಂದು ಉತ್ತರಪುರಾಣದ ಪ್ರಶಸ್ತಿಯು ಹೇಳುತ್ತದೆ. ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಜಯಧವಳಾಟೀಕೆಯನ್ನು ಪೂರೈಸಿದ ಈ ಆಚಾರ್ಯರು ಪರಮಾತ್ಮನ ವಿಷಯದಲ್ಲಿ ಮಾತಿಗೆ ಎಷ್ಟು ಅಧಿಕಾರವನ್ನಿತ್ತರೆಂಬುದು ವಿಚಾರಾರ್ಹವಾಗಿದೆ.

ಆದಿಪುರಾಣದ 25ನೆಯ ಪರ್ವದಲ್ಲಿ ಇಂದ್ರನು ವೃಷಭಜಿನನನ್ನು 1008 ನಾಮಗಳಿಂದ ಸ್ತುತಿಸುತ್ತಾನೆ. ಅವುಗಳಲ್ಲಿ ಅಬಂಧನ, ಅಚಿಂತ್ಯಾತ್ಮ, ಅಪುನರ್ಭವ, ಅಯೋನಿಜ ಮುಂತಾದವು ನಿಷೇಧರೂಪವಾದವು. ನಾಮಾವಳಿ ಮುಗಿದೊಡನೆ ಸ್ತೋತೃವು ತನ್ನ ಮಾತನ್ನೇ ಮಿತಗೊಳಿಸುತ್ತಾನೆ: ಭಗವಂತನು ಈ ನುಡಿಗಳಿಗೆ ವಿಷಯನಾದರೂ ವಸ್ತುತಃ ವಾಗಗೋಚರನು, ಆದರೂ ಸ್ತುತಿಸಿದವನು ಇಷ್ಟಫಲವನ್ನು ಪಡೆಯುವನು. ಇದನ್ನು ಬರಿಯ ಕವಿವಿನಯವೆಂದು ದಾಟಿಹೋಗುವುದು ಸರಿಯಲ್ಲ.

ಈ ನಿಲುವಿಗೆ ಪೂರ್ವಪರಂಪರೆಯುಂಟು. ಆದಿಪುರಾಣದ ಆರಂಭದಲ್ಲಿ 'ದೇವ' ಎಂಬ ಹೆಸರಿನಿಂದ ಸ್ಮೃತರಾದವರು ದೇವನಂದಿ ಪೂಜ್ಯಪಾದರೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವರ ಸಮಾಧಿತಂತ್ರವು ಮೊದಲು ಹೊರಗಿನ ಮಾತನ್ನೂ ಅನಂತರ ಒಳಗಿನ ಮಾತನ್ನೂ ನಿಶ್ಶೇಷವಾಗಿ ತ್ಯಜಿಸಬೇಕೆಂದು ವಿಧಿಸುತ್ತದೆ; ಅದಕ್ಕೆ ಕಾರಣವನ್ನೂ ಕೊಡುತ್ತದೆ. ಕಣ್ಣಿಗೆ ಕಾಣುವ ರೂಪವು ಅರಿಯದು, ಅರಿಯುವ ಆತ್ಮವು ಕಾಣದು. ಹೀಗಿರಲು ಮಾತನಾಡುವುದು ಯಾರೊಡನೆ? ಅದಕ್ಕೂ ಹಿಂದೆ ಕುಂದಕುಂದಾಚಾರ್ಯರು ಸಮಯಸಾರದಲ್ಲಿ ರಸ, ರೂಪ, ಗಂಧ, ಶಬ್ದಗಳನ್ನು ಒಂದೊಂದಾಗಿ ನಿಷೇಧಿಸಿ ಜೀವಸ್ವರೂಪವನ್ನು ತೋರಿಸಿದ್ದರು. ಆ ಸಂದರ್ಭದಲ್ಲಿಯೇ ಚೇತನಾಗುಣವನ್ನು ವಿಧಿರೂಪವಾಗಿ ಉಳಿಸಿಕೊಂಡಿದ್ದರು.

ಆದಕಾರಣ ಇದನ್ನು ಉಪನಿಷತ್ತಿನ 'ನೇತಿ ನೇತಿ'ಯೊಡನೆ ಸಮೀಕರಿಸುವವರು ಎಚ್ಚರ ವಹಿಸಬೇಕು. ಇಲ್ಲಿ ನಿಷೇಧಕ್ಕೆ ಗುರಿಯಾಗುವುದು ಪರದ್ರವ್ಯ, ಪರಭಾವಗಳು. ಶುದ್ಧಾತ್ಮನು ಅಜ್ಞೇಯನಲ್ಲ, ಕೇವಲಜ್ಞಾನಕ್ಕೆ ಪೂರ್ಣಗೋಚರನು. ಸೋಲುವುದು ಶಬ್ದ ಮಾತ್ರ. ಸಪ್ತಭಂಗಿಯ 'ಅವಕ್ತವ್ಯ'ವೂ ಈ ಮೌನವಲ್ಲ. ಅಸ್ತಿ ನಾಸ್ತಿಗಳನ್ನು ಒಂದೇ ಶಬ್ದದಿಂದ ಯುಗಪತ್ತಾಗಿ ಹೇಳಲಾಗದೆಂಬುದು ಅದರ ಅರ್ಥ. ಅದು ನ್ಯಾಯದ ಮಾತು, ಇದು ಧ್ಯಾನದ ಮಾತು. ಎರಡನ್ನೂ ಬೆರೆಸಿದ ವ್ಯಾಖ್ಯಾನಗಳಿಂದ ಗೊಂದಲವೇ ಹೆಚ್ಚಿದೆ.

ಹಸ್ತಪ್ರತಿಗಳ ಕೆಲಸಕ್ಕೂ ಇದರಿಂದ ಒಂದು ಪ್ರಯೋಜನವುಂಟು. ಸಹಸ್ರನಾಮವು ನಿತ್ಯಪಾಠಕ್ಕಾಗಿ ಪುರಾಣದಿಂದ ಬೇರ್ಪಟ್ಟು ಸ್ವತಂತ್ರಕೃತಿಯಂತೆ ಪ್ರಚಾರಗೊಂಡಿದೆ. ಹಾಗೆ ಬೇರ್ಪಟ್ಟಾಗ 21ನೆಯ ಪರ್ವದ ಧ್ಯಾನತತ್ತ್ವನಿರೂಪಣೆಯು ಓದುಗನ ಕಣ್ಣಿನಿಂದ ಮರೆಯಾಗುತ್ತದೆ. ಆದುದರಿಂದ ಇಂತಹ ಬಿಡಿ ಪ್ರತಿಯೊಂದನ್ನು ಸೂಚಿಯಲ್ಲಿ ದಾಖಲಿಸುವಾಗ 'ಜಿನಸಹಸ್ರನಾಮ, ಸಮಗ್ರ' ಎಂದಷ್ಟೇ ಬರೆದು ಬಿಡದೆ, ನಾಮಾವಳಿಯ ಹಿಂದಿನ ಪೀಠಿಕಾಶ್ಲೋಕಗಳೂ ವಾಗಗೋಚರತೆಯನ್ನು ಹೇಳುವ ಮುಂದಿನ ಶ್ಲೋಕವೂ ಅದರಲ್ಲಿ ಇವೆಯೇ ಎಂಬುದನ್ನು ನಮೂದಿಸತಕ್ಕದ್ದು.